1994ರ ಕೊಲೆ, ಒಂದು ಕಂಬಳಿ, ಈಗ ಡಿಎನ್‌ಎ: ಏನು ಸಾಧ್ಯ?

ಪ್ರಶ್ನೆ: ಮೇಡಂ, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 1994ರ ಸುಗ್ಗಿಯಲ್ಲಿ ನಮ್ಮ ಚಿಕ್ಕಪ್ಪ ಶೇಂಗಾ ರಾಶಿ ಕಾಯೋಕೆ ಕಣದಲ್ಲಿ ಮಲಗಿದ್ದರು. ಬೆಳಿಗ್ಗೆ ನೋಡಿದರೆ ಕೊಲೆಯಾಗಿತ್ತು. ಅವರು ಹೊದ್ದಿದ್ದ ಕಂಬಳಿ, ಪಂಚೆ, ಅಲ್ಲೇ ಬಿದ್ದಿದ್ದ ಕುಡುಗೋಲನ್ನು ಪೊಲೀಸರು ತಗೊಂಡು ಹೋದರು. ಇಬ್ಬರ ಮೇಲೆ ಅನುಮಾನ ಇತ್ತು, ಸಾಕ್ಷಿ ಸಿಗಲಿಲ್ಲ. ಆಮೇಲೆ ‘ಸಿ’ ರಿಪೋರ್ಟ್ ಹಾಕಿದರು ಅಂತ ಅಪ್ಪ ಹೇಳ್ತಾರೆ. ಅಜ್ಜಿಗೆ ಈಗ 86 ವರ್ಷ. ಈಗಲೂ ‘ಯಾರು ಹೊಡೆದ್ರು ಅಂತ ಗೊತ್ತಾತೇನಪ್ಪ’ ಅಂತ ಕೇಳ್ತಾರೆ. ಅಮೆರಿಕದಲ್ಲಿ 40 ವರ್ಷ ಹಳೆಯ ಕೊಲೆಗಾರನನ್ನು ಡಿಎನ್‌ಎಯಿಂದ ಹಿಡಿದರು ಅಂತ ಓದಿದೆ. ನಮ್ಮಲ್ಲಿ ಆಗಲ್ವಾ? ಸಮಾಧಿ ತೆಗೆಸಬೇಕಾ? ಆ ಇಬ್ಬರಿಗೆ ಮಂಪರು ಪರೀಕ್ಷೆ ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಜ್ಜಿಯ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಹಾಗಾಗಿ ಸುಮ್ನೆ ಧೈರ್ಯ ತುಂಬುವ ಉತ್ತರ ಬರೆಯಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ಜೀವಶಾಸ್ತ್ರ ವಿಭಾಗದಲ್ಲಿ ರಕ್ತದ ಬಟ್ಟೆಗಳ ಮಧ್ಯೆಯೇ ನನ್ನ ನೌಕರಿ ಕಳೆಯಿತು. ಅಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಮೊದಲು ಕಾನೂನಿನ ಮಾತು, ಅದು ಚಿಕ್ಕದು. ನಮ್ಮ ದೇಶದಲ್ಲಿ ಕೊಲೆ ಪ್ರಕರಣಕ್ಕೆ ಕಾಲಮಿತಿ ಇಲ್ಲ. 30 ವರ್ಷ ಆಗಲಿ, 50 ಆಗಲಿ, ಕೇಸು ಸಾಯಲ್ಲ. ‘ಸಿ’ ರಿಪೋರ್ಟ್ ಅಂದರೆ ಕೊಲೆ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಿಲ್ಲ ಅಂತ. ದೂರು ಸುಳ್ಳು ಅಥವಾ ಅಪರಾಧವೇ ನಡೆದಿಲ್ಲ ಅನ್ನೋದು ‘ಬಿ’ ರಿಪೋರ್ಟ್. ಇವೆರಡನ್ನೂ ಒಂದೇ ಅಂದುಕೊಂಡು ಎಷ್ಟೋ ಮನೆಯವರು ಆಸೆ ಬಿಟ್ಟುಬಿಟ್ಟಿದ್ದಾರೆ. ಹೊಸ ಸುಳಿವು ಸಿಕ್ಕರೆ ‘ಸಿ’ ರಿಪೋರ್ಟ್ ಆದ ಪ್ರಕರಣದಲ್ಲಿ ಮತ್ತೆ ತನಿಖೆ ಮಾಡಬಹುದು. ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು, ಕೊಲೆ ನಡೆದದ್ದು ಅದಕ್ಕಿಂತ ಮುಂಚೆ. ಹಾಗಾಗಿ ಆರೋಪ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) ಕೊಲೆಯ ಕಲಂ 302ರ ಕೆಳಗೇ ಬರುತ್ತದೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ನೀವು ಕೇಳಿದ್ದು ಡಿಎನ್‌ಎ ಬಗ್ಗೆ. ನಾನು ನಿಮ್ಮನ್ನು ಕೇಳೋದು ಬೇರೆ: ಆ ಕಂಬಳಿ ಈಗ ಎಲ್ಲಿದೆ?

ಇದು ಬಾಯಿ ಮುಚ್ಚಿಸೋಕೆ ಕೇಳಿದ ಪ್ರಶ್ನೆ ಅಲ್ಲ. ನೀವು ಓದಿದ ಅಮೆರಿಕದ ಪ್ರಕರಣವನ್ನೇ ತೆಗೆದುಕೊಳ್ಳಿ. ಜೋಸೆಫ್ ಡಿಏಂಜೆಲೊ ಅನ್ನುವ ಮಾಜಿ ಪೊಲೀಸ್ ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕದಲ್ಲಿ 13 ಕೊಲೆ ಮಾಡಿದ್ದ. ಸಿಕ್ಕಿಬಿದ್ದದ್ದು 2018ರ ಏಪ್ರಿಲ್‌ನಲ್ಲಿ. ಎಲ್ಲರೂ ವಂಶವೃಕ್ಷದ ಜಾಲತಾಣದ ಕಥೆ ಹೇಳುತ್ತಾರೆ. ದೂರದ ನೆಂಟರ ಡಿಎನ್‌ಎ ಹಿಡಿದು ಇವನವರೆಗೆ ಬಂದರು ಅಂತ. ಅದು ನಿಜವೇ. ಆದರೆ ಆ ಜಾಲತಾಣಕ್ಕೆ ಹಾಕೋಕೆ ಕೊಲೆಗಾರನ ಡಿಎನ್‌ಎ ಎಲ್ಲಿಂದ ಬಂತು? 1980ರ ಒಂದು ಜೋಡಿ ಕೊಲೆಯಲ್ಲಿ ತೆಗೆದಿಟ್ಟಿದ್ದ ಮಾದರಿ ಅಷ್ಟು ವರ್ಷ ಜೋಪಾನವಾಗಿ ಉಳಿದಿತ್ತು. ಯಾರೋ ಒಬ್ಬರು ಚೀಟಿ ಅಂಟಿಸಿ, ಸರಿಯಾದ ಕಡೆ ಇಟ್ಟಿದ್ದರು. 2018ರ ಸುದ್ದಿಗೆ ಬುನಾದಿ ಬಿದ್ದದ್ದು 1980ರ ಆ ದಿನ.

ಹಾಗಾಗಿ ನಿಮ್ಮ ಕೆಲಸ ಹುಡುಕಾಟದಿಂದ ಶುರುವಾಗಬೇಕು. ಇಲ್ಲಿ ಒಂದು ತೊಡಕಿದೆ, ನಮ್ಮ ಭಾಗದವರು ಇದನ್ನು ಮರೆಯುತ್ತಾರೆ. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. 1994ರಲ್ಲಿ ಜಗಳೂರು ಇದ್ದದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಎಸ್‌ಪಿ ಕಚೇರಿಯ ಕಡತ, ಆಗಿನ ಬೆರಳಚ್ಚು ಘಟಕದ ಕಾಗದ, ಮೇಲಧಿಕಾರಿಗಳ ಪತ್ರ, ಇವೆಲ್ಲ ಚಿತ್ರದುರ್ಗದ ಹೆಸರಲ್ಲಿ ಹುಟ್ಟಿದ್ದು. ದಾವಣಗೆರೆಯಲ್ಲಿ ಕೇಳಿದರೆ ‘ಇಲ್ಲಿ ಇಲ್ಲ’ ಅನ್ನಬಹುದು. ಅಲ್ಲಿಗೇ ಬಿಡಬೇಡಿ, ಎರಡೂ ಊರಿನಲ್ಲಿ ಕೇಳಿ.

ಏನಂತ ಕೇಳಬೇಕು? ಮೊದಲು ಗುನ್ನೆ ನಂಬರ್, ಅಂದರೆ ಠಾಣೆಯಲ್ಲಿ ಪ್ರಕರಣ ದಾಖಲಾದ ಸಂಖ್ಯೆ ಬೇಕು. ಠಾಣೆಯ ಹೆಸರು, ನಂಬರ್, ವರ್ಷ. ಅದು ಸಿಕ್ಕರೆ ಮುಂದಿನದ್ದು ಪಿಎಫ್ ನಂಬರ್. ಪೊಲೀಸರು ಜಪ್ತಿ ಮಾಡಿದ ಪ್ರತಿ ವಸ್ತುವನ್ನೂ ಪ್ರಾಪರ್ಟಿ ಫಾರಂನಲ್ಲಿ ಬರೆದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕಳಿಸುತ್ತಾರೆ. ‘ಒಂದು ಕರಿ ಕಂಬಳಿ, ರಕ್ತದ ಕಲೆ ಇರುವಂಥದ್ದು’ ಅಂತ ಅದರಲ್ಲಿ ಇರಬೇಕು. ನಿಮ್ಮ ಮಟ್ಟಿಗೆ ಇಡೀ ಕಡತದಲ್ಲಿ ಇದಕ್ಕಿಂತ ಬೆಲೆಯ ಕಾಗದ ಇನ್ನೊಂದಿಲ್ಲ. ಮುದ್ದೆಮಾಲು, ಅಂದರೆ ಜಪ್ತಿಯಾದ ವಸ್ತುಗಳು, ಎಫ್‌ಎಸ್‌ಎಲ್‌ಗೆ ಹೋಗಿ ವಾಪಸ್ ಬಂದಿದ್ದರೆ ಅದೂ ದಾಖಲಾಗಿರುತ್ತದೆ. ಆಮೇಲೆ ಕೋರ್ಟ್ ಆದೇಶ ನೋಡಬೇಕು. ‘ಸಿ’ ರಿಪೋರ್ಟ್ ಒಪ್ಪಿಕೊಂಡಾಗ ಮುದ್ದೆಮಾಲನ್ನು ಇಟ್ಟುಕೊಳ್ಳಿ ಅಂದರಾ, ನಾಶ ಮಾಡಿ ಅಂದರಾ? ನಾಶ ಮಾಡಿ ಅಂತ ಆದೇಶ ಆಗಿದ್ದರೂ ಎಷ್ಟೋ ಸಲ ಗಂಟು ಹಾಗೇ ಮೂಲೆಯಲ್ಲಿ ಉಳಿದಿರುತ್ತದೆ. ಹಾಗಾಗಿ ಆದೇಶ ಓದಿ ಕೈ ಚೆಲ್ಲಬೇಡಿ, ರಿಜಿಸ್ಟರ್‌ನಲ್ಲಿ ನಾಶ ಮಾಡಿದ ದಿನಾಂಕ ಇದೆಯಾ ಅಂತ ನೋಡಿ. ಒಬ್ಬ ವಕೀಲರ ಮೂಲಕ ನಕಲು ಅರ್ಜಿ ಹಾಕಿಸಿ. ಎಫ್‌ಐಆರ್, ಪಂಚನಾಮೆ, ಪಿಎಫ್, ಮರಣೋತ್ತರ ಪರೀಕ್ಷೆ ವರದಿ, ಎಫ್‌ಎಸ್‌ಎಲ್ ವರದಿ, ‘ಸಿ’ ರಿಪೋರ್ಟ್ ಆದೇಶ, ಇಷ್ಟೂ ಕೇಳಿ.

ಕಂಬಳಿ ಸಿಕ್ಕಿತು ಅಂದುಕೊಳ್ಳೋಣ. ಅದರಲ್ಲಿ ಏನು ಉಳಿದಿರುತ್ತದೆ?

ಹಳೆಯ ಬಟ್ಟೆಯ ಗಂಟು ಬಿಚ್ಚುವಾಗ ಮೊದಲು ನೋಡೋದು ಅರಗು. ಮುದ್ರೆ ಒಡೆದಿದೆಯಾ, ದಾರ ಸಡಿಲ ಆಗಿದೆಯಾ, ಪಂಚರ (ಜಪ್ತಿಗೆ ಸಾಕ್ಷಿಯಾದವರ) ಸಹಿ ಇರುವ ಚೀಟಿ ಓದೋಕೆ ಬರುತ್ತಾ? ಆಮೇಲೆ ಬಟ್ಟೆ. 30 ವರ್ಷದ ರಕ್ತ ಕೆಂಪಗಿರಲ್ಲ. ಕಾಫಿ ಚೆಲ್ಲಿ ಒಣಗಿದ ಹಾಗೆ ಕಂದು, ಕೆಲವು ಕಡೆ ಕಪ್ಪು. ಕರಿ ಕಂಬಳಿಯಲ್ಲಂತೂ ಕಣ್ಣಿಗೆ ಕಾಣೋದೇ ಇಲ್ಲ. ಗ್ಲೌಸ್ ಹಾಕಿದ ಬೆರಳಲ್ಲಿ ನಿಧಾನಕ್ಕೆ ಸವರಿ ನೋಡಬೇಕು. ಎಲ್ಲಿ ಉಣ್ಣೆ ಗಟ್ಟಿಯಾಗಿ, ಹಪ್ಪಳದ ಹಾಗೆ ಸೆಟೆದುಕೊಂಡಿದೆಯೋ ಅಲ್ಲಿ ಕಲೆ. ನಮ್ಮ ಚಳ್ಳಕೆರೆ ಕಡೆಯ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ನೇಯುತ್ತಾರಲ್ಲ, ಅದೂ ಗಟ್ಟಿಯಾಗೇ ಇರುತ್ತದೆ. ಗಂಜಿಯ ಬಿರುಸು ಯಾವುದು, ರಕ್ತದ ಬಿರುಸು ಯಾವುದು ಅಂತ ಬೆರಳಿಗೆ ಗೊತ್ತಾಗೋಕೆ ನನಗೆ ವರ್ಷಗಳೇ ಹಿಡಿದವು. ಅನುಮಾನ ಬಂದ ಕಡೆ ಒದ್ದೆ ಫಿಲ್ಟರ್ ಪೇಪರ್ ಒತ್ತಿ, ಅದರ ಮೇಲೆ ಎರಡು ದ್ರಾವಣ ಒಂದೊಂದು ಹನಿ ಹಾಕುತ್ತೇವೆ. ರಕ್ತ ಇದ್ದರೆ ಕೆಲವೇ ಕ್ಷಣದಲ್ಲಿ ಗುಲಾಬಿ ಬಣ್ಣ ಬರುತ್ತದೆ. ದಶಕಗಳಷ್ಟು ಹಳೆಯ ಕಲೆಯೂ ಹೀಗೆ ಬಣ್ಣ ಕೊಡುತ್ತದೆ. ಆ ಗುಲಾಬಿ ಕಂಡಾಗ ಇಡೀ ಕೋಣೆ ಒಂದು ಗಳಿಗೆ ಸುಮ್ಮನಾಗುತ್ತದೆ.

ಆ ಬಣ್ಣ ‘ರಕ್ತ ಇರಬಹುದು’ ಅನ್ನುತ್ತದೆ, ಅಷ್ಟೇ. ಯಾರದ್ದು ಅಂತ ಹೇಳೋಕೆ ಡಿಎನ್‌ಎ ಬೇಕು. ರಕ್ತದಲ್ಲಿ ಡಿಎನ್‌ಎ ಇರೋದು ಬಿಳಿ ರಕ್ತಕಣಗಳಲ್ಲಿ, ಕೆಂಪು ಕಣಗಳಲ್ಲಿ ಅಲ್ಲ. ಅದಕ್ಕೆ ದೊಡ್ಡ ವೈರಿ ತೇವ. ತೇವ ಇದ್ದರೆ ಬೂಷ್ಟು ಬರುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅವು ಡಿಎನ್‌ಎಯನ್ನು ಚೂರುಚೂರು ಮಾಡುತ್ತವೆ. ಬಿಸಿಲೂ ಶಾಖವೂ ಹಾಳು ಮಾಡುತ್ತವೆ. ಆದರೆ ಒಣಗಿದ್ದು, ಕತ್ತಲೆಯಲ್ಲಿದ್ದು, ಗಾಳಿಯಾಡುವ ಬಟ್ಟೆ ಅಥವಾ ಕಾಗದದ ಗಂಟಿನಲ್ಲಿದ್ದರೆ ಬಹಳ ವರ್ಷ ತಡೆಯುತ್ತದೆ. ನಮ್ಮ ಜಗಳೂರು, ಚಳ್ಳಕೆರೆ ಸೀಮೆಯ ಒಣ ಹವೆ ಈ ಮಟ್ಟಿಗೆ ಒಳ್ಳೆಯದೇ. ಇದೇ ಕಂಬಳಿ ಮಲೆನಾಡಿನಲ್ಲಿ ಇದ್ದಿದ್ದರೆ ನನಗೆ ಇಷ್ಟು ಆಸೆ ಇರುತ್ತಿರಲಿಲ್ಲ.

ಒಮ್ಮೆ ಹಳೆಯ ಪ್ರಕರಣದ ಸೀರೆಯೊಂದು ನನ್ನ ಮೇಜಿಗೆ ಬಂತು. ಎಲ್ಲಿಂದ ಅಂತ ಹೇಳಲ್ಲ. ಹಸಿ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಬಿಗಿದಿದ್ದರು. ಬಿಚ್ಚಿದರೆ ಒಳಗೆಲ್ಲ ಹಸಿರು ಕಪ್ಪು ಬೂಷ್ಟು, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೂರು ಕಡೆಯಿಂದ ತುಂಡು ತೆಗೆದು ನೋಡಿದೆವು, ಡಿಎನ್‌ಎಯ ಒಂದು ಅಂಶವೂ ಬರಲಿಲ್ಲ. ನೆರಳಲ್ಲಿ ಒಂದು ದಿನ ಒಣಗಿಸಿ ಹಳೇ ಪೇಪರಿನಲ್ಲಿ ಸುತ್ತಿದ್ದರೂ ಸಾಕಿತ್ತು. ಆ ಸೀರೆ ಉಟ್ಟಿದ್ದ ಹುಡುಗಿಯ ತಂದೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರಿಗೆ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ತಿಳಿಯಲ್ಲ.

ಇನ್ನು ನಿಮ್ಮ ಪ್ರಕರಣದ ಎಫ್‌ಎಸ್‌ಎಲ್ ವರದಿ. 1994ರಲ್ಲಿ ಸಾಮಾನ್ಯವಾಗಿ ಮಾಡುತ್ತಿದ್ದದ್ದು ಎರಡೇ ಕೆಲಸ. ಮನುಷ್ಯನ ರಕ್ತವೋ ಪ್ರಾಣಿಯದ್ದೋ ಅಂತ ನೋಡೋದು, ಆಮೇಲೆ ಗುಂಪು ಹೇಳೋದು. ‘ಮಾನವ ರಕ್ತ, ಓ ಗುಂಪು’ ಅಂತ ಇರಬಹುದು. ಅದರಿಂದ ಜಾಸ್ತಿ ಏನೂ ತಿಳಿಯಲ್ಲ, ನಮ್ಮಲ್ಲಿ ಸುಮಾರು ಮೂವರಲ್ಲಿ ಒಬ್ಬರದ್ದು ಓ ಗುಂಪು. ಆದರೆ ಆ ವರದಿ ಓದುವಾಗ ನಾನು ನೋಡೋದು ಬೇರೆ. ಯಾವ ವಸ್ತುವಿನಿಂದ ಎಷ್ಟು ತುಂಡು ಕತ್ತರಿಸಿದರು, ಏನನ್ನು ಮುಟ್ಟದೆ ಬಿಟ್ಟರು, ಯಾವ ಕಲೆಗೆ ‘ಫಲಿತಾಂಶ ಬರಲಿಲ್ಲ’ ಅಂತ ಬರೆದರು. ಅವತ್ತು ಫಲಿತಾಂಶ ಬಾರದ ಸಣ್ಣ ಕಲೆ ಇವತ್ತು ಮಾತಾಡಬಹುದು. ಈಗಿನ ಪಿಸಿಆರ್ ಅಂಥ ತಂತ್ರ, ಅತ್ಯಲ್ಪ ಡಿಎನ್‌ಎಯನ್ನೂ ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡುತ್ತದೆ. ಕಂಬಳಿಯ ಬಣ್ಣ, ಗಂಜಿಯ ಅಂಟು ಅದಕ್ಕೆ ಅಡ್ಡಿ ಮಾಡುವುದುಂಟು. ಅದನ್ನು ತೊಳೆದು ಶುದ್ಧ ಮಾಡುವ ಉಪಾಯಗಳಿವೆ.

ಅಮೆರಿಕದ ಯೂಟಾದಲ್ಲಿ 1995ರಲ್ಲಿ ಒಬ್ಬ ಹುಡುಗಿಯನ್ನು ಕಲ್ಲಿನಿಂದ ಜಜ್ಜಿ ಕೊಂದು ನದಿ ದಡದಲ್ಲಿ ಎಸೆದಿದ್ದರು. ಆ ಗ್ರಾನೈಟ್ ಕಲ್ಲನ್ನು ಪೊಲೀಸರು ಎತ್ತಿಟ್ಟಿದ್ದರು. ವರ್ಷಗಳಾದ ಮೇಲೆ ಒದ್ದೆ ಮಾಡಿ ಹೀರುವ ಒಂದು ಯಂತ್ರದಿಂದ ಕಲ್ಲಿನ ಸಂದಿಗಳಲ್ಲಿದ್ದ ಜೀವಕೋಶ ತೆಗೆದರು. 2013ರಲ್ಲಿ ಆರೋಪಿ ಸಿಕ್ಕಿದ. ಚಿತ್ರದುರ್ಗದ ಕೋಟೆಯ ಕಲ್ಲುಗಳ ನಡುವೆ ಓಡಾಡುವಾಗೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಒರಟು ಕಲ್ಲೇ ಅಷ್ಟು ಹಿಡಿದಿಟ್ಟುಕೊಂಡಿದ್ದರೆ ಕುಡುಗೋಲಿನ ಮರದ ಹಿಡಿ, ಅದು ಕಬ್ಬಿಣಕ್ಕೆ ಸೇರುವ ಸಂದಿ, ಇವನ್ನು ಹೇಗೆ ಬಿಡೋದು ಹೇಳಿ?

ಇಲ್ಲಿಗೆ ನಿಮ್ಮ ಪ್ರಕರಣದ ನಿಜವಾದ ಗಂಟಿಗೆ ಬಂದೆವು. ಕಂಬಳಿಯ ಮೇಲೆ ನಿಮ್ಮ ಚಿಕ್ಕಪ್ಪನ ರಕ್ತ ಸಿಕ್ಕರೆ ಏನೂ ಗೊತ್ತಾಗಲ್ಲ. ಅವರ ಕಂಬಳಿ, ಅವರ ರಕ್ತ, ಅಷ್ಟೇ ಅಲ್ವಾ? ನಮಗೆ ಬೇಕಾದದ್ದು ಅಲ್ಲಿ ಇರಬಾರದ ಇನ್ನೊಬ್ಬರ ಡಿಎನ್‌ಎ. ಕುಡುಗೋಲಿನಿಂದ ಜೋರಾಗಿ ಹೊಡೆಯುವಾಗ ರಕ್ತದಿಂದ ಹಿಡಿ ಜಾರುತ್ತದೆ, ಹೊಡೆದವನ ಕೈಯೂ ಕೊಯ್ದುಕೊಳ್ಳುತ್ತದೆ. ಇದು ಬಹಳ ಸಲ ಆಗುವಂಥದ್ದು. ಅವನ ರಕ್ತ ಹಿಡಿಯಲ್ಲೋ ಕಂಬಳಿಯ ಅಂಚಿನಲ್ಲೋ ಒಂದು ಹನಿ ಬಿದ್ದಿರಬಹುದು. ಚಿಕ್ಕಪ್ಪ ಎದ್ದು ತಡೆದಿದ್ದರೆ ಉಗುರಿನ ಸಂದಿಯಲ್ಲಿ ಚರ್ಮ, ಮುಷ್ಟಿಯಲ್ಲಿ ಕೂದಲು ಇದ್ದಿರಬಹುದು. ಮರಣೋತ್ತರ ವರದಿಯಲ್ಲಿ ‘ಉಗುರಿನ ತುದಿ ಸಂಗ್ರಹಿಸಿದೆ’ ಅಂತ ಬರೆದಿದ್ದಾರಾ ನೋಡಿ. ಕೈ ಮೇಲೆ, ಮೊಣಕೈ ಹತ್ತಿರ ಗಾಯ ಇದ್ದವಾ ಅಂತಲೂ ನೋಡಿ. ಇದ್ದರೆ ಅವರು ತಡೆದಿದ್ದರು ಅಂತ ಅರ್ಥ. ಅನುಮಾನ ಇದ್ದ ಇಬ್ಬರ ಬಟ್ಟೆಯನ್ನು ಆಗ ಜಪ್ತಿ ಮಾಡಿದ್ದರೆ ಅದು ಇನ್ನೂ ಒಳ್ಳೆಯದು. ಅದರ ಮೇಲೆ ನಿಮ್ಮ ಚಿಕ್ಕಪ್ಪನ ರಕ್ತ ಸಿಕ್ಕರೆ ಆ ಮನುಷ್ಯ ಉತ್ತರ ಹೇಳಬೇಕಾಗುತ್ತದೆ.

ಬರೀ ಮುಟ್ಟಿದ ಗುರುತಿನ ಡಿಎನ್‌ಎಗೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಆಗಿನ ಕಾಲದಲ್ಲಿ ಪೊಲೀಸರು, ಪಂಚರು, ಡಾಕ್ಟರು, ಗಂಟು ಹೊಲಿದವರು ಎಲ್ಲರೂ ಬರಿಗೈಯಲ್ಲೇ ಮುಟ್ಟುತ್ತಿದ್ದರು. ಅದು ಅವರ ತಪ್ಪಲ್ಲ, ಆಗ ಯಾರಿಗೂ ಗೊತ್ತಿರಲಿಲ್ಲ. ಈ ಕಲಬೆರಕೆ ಎಷ್ಟು ಅಪಾಯ ಅನ್ನೋಕೆ ಜರ್ಮನಿಯ ಒಂದು ಪ್ರಸಂಗ ಇದೆ. ಕೊಲೆ, ಕಳ್ಳತನ ಸೇರಿ ಸುಮಾರು 40 ಪ್ರಕರಣಗಳಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿತು. ವರ್ಷಗಟ್ಟಲೆ ಅವಳನ್ನು ಹುಡುಕಿದರು. 2009ರಲ್ಲಿ ಸತ್ಯ ತಿಳಿಯಿತು: ಅಂಥ ಹಂತಕಿ ಇರಲೇ ಇಲ್ಲ. ಮಾದರಿ ತೆಗೆಯುವ ಹತ್ತಿ ಕಡ್ಡಿ ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದವಳ ಡಿಎನ್‌ಎ ಅದು. ಹತ್ತಿ ಗಿರಣಿಗಳ ಊರಿನಲ್ಲಿ ಕೂತು ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಕಡ್ಡಿಯಲ್ಲಿ ರೋಗಾಣು ಇಲ್ಲದ ಹಾಗೆ ಮಾಡಿದರೆ ಡಿಎನ್‌ಎಯೂ ಹೋಯಿತು ಅಂತಲ್ಲ.

ಸರಿ, ಹೊರಗಿನವರ ಡಿಎನ್‌ಎ ಸಿಕ್ಕಿತು ಅಂದುಕೊಳ್ಳೋಣ. ಯಾರದ್ದು ಅಂತ ಹೇಗೆ ಹೇಳೋದು? ಅಮೆರಿಕಕ್ಕೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಅಲ್ಲಿ ಅಪರಾಧಿಗಳ ಡಿಎನ್‌ಎ ಸಂಗ್ರಹ ಇದೆ, ಜನ ತಾವಾಗಿ ಹಾಕಿಕೊಂಡ ವಂಶವೃಕ್ಷದ ಸಂಗ್ರಹಗಳೂ ಇವೆ. ನಮ್ಮಲ್ಲಿ ಅಂಥ ರಾಷ್ಟ್ರೀಯ ಡಿಎನ್‌ಎ ಕೋಶ ಇಲ್ಲ. ಅದಕ್ಕಾಗಿ 2019ರಲ್ಲಿ ತಂದ ಮಸೂದೆಯನ್ನು 2023ರಲ್ಲಿ ಕೇಂದ್ರ ಸರ್ಕಾರ ವಾಪಸ್ ತೆಗೆದುಕೊಂಡಿತು. ಹಾಗಾಗಿ ಇಲ್ಲಿ ಅನುಮಾನ ಇರುವ ವ್ಯಕ್ತಿಯೇ ಬೇಕು. ಅವನ ಮಾದರಿ ತೆಗೆದು ಇದರ ಜೊತೆ ಹೋಲಿಸಬೇಕು. ಅವನು ತೀರಿಕೊಂಡಿದ್ದರೆ ಮಕ್ಕಳ ಮಾದರಿಯಿಂದಲೂ ಒಂದು ಮಟ್ಟಿಗೆ ಹೇಳಬಹುದು.

ಒಂದು ಎಚ್ಚರಿಕೆ. ಹಳೆಯ, ಕೆಟ್ಟ ಮಾದರಿಯಲ್ಲಿ ಕೆಲವೊಮ್ಮೆ ಗಂಡಸರಿಂದ ಗಂಡಸರಿಗೆ ಹೋಗುವ ವೈ ವರ್ಣತಂತುವಿನ ಗುರುತು ಮಾತ್ರ ಸಿಗುತ್ತದೆ. ಅದು ಅಪ್ಪ, ಮಗ, ಅಣ್ಣ, ತಮ್ಮ, ದೊಡ್ಡಪ್ಪನ ಮಕ್ಕಳು ಎಲ್ಲರಲ್ಲೂ ಒಂದೇ. ನಮ್ಮ ಹಳ್ಳಿಗಳಲ್ಲಿ ಒಂದೊಂದು ಓಣಿಯೇ ಒಂದು ಮನೆತನದ ಅಣ್ಣತಮ್ಮಂದಿರದ್ದು. ಅಲ್ಲಿ ‘ವೈ ಗುರುತು ಹೊಂದಿತು’ ಅಂದರೆ ಆ ಮನೆತನದ ಯಾವನೋ ಒಬ್ಬ ಗಂಡಸು ಅಂತಷ್ಟೇ. ಯಾರಾದರೂ ಇಷ್ಟನ್ನೇ ಹಿಡಿದುಕೊಂಡು ‘ಇವನೇ’ ಅಂದರೆ ನಂಬಬೇಡಿ.

ಆ ಇಬ್ಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಜಗತ್ತಿನಲ್ಲಿ ಮೊದಲ ಸಲ ಕೊಲೆ ತನಿಖೆಗೆ ಡಿಎನ್‌ಎ ಬಳಸಿದ್ದು ಇಂಗ್ಲೆಂಡಿನ ಲೆಸ್ಟರ್ ಬಳಿ. 1983ರಲ್ಲಿ ಒಬ್ಬಳು, 1986ರಲ್ಲಿ ಒಬ್ಬಳು, ಇಬ್ಬರು 15 ವರ್ಷದ ಹುಡುಗಿಯರ ಕೊಲೆ. ಪೊಲೀಸರು 17 ವರ್ಷದ ಒಬ್ಬ ಹುಡುಗನನ್ನು ಹಿಡಿದರು, ಅವನು ಒಂದು ಕೊಲೆಯನ್ನು ಒಪ್ಪಿಕೊಂಡೂ ಬಿಟ್ಟ. ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ಎರಡು ವರ್ಷದ ಹಿಂದಷ್ಟೇ, 1984ರಲ್ಲಿ, ಡಿಎನ್‌ಎ ಬೆರಳಚ್ಚು ಕಂಡುಹಿಡಿದಿದ್ದರು. ಅವರು ಪರೀಕ್ಷೆ ಮಾಡಿ, ಎರಡೂ ಕೊಲೆ ಒಬ್ಬನೇ ಮಾಡಿದ್ದು, ಆದರೆ ಈ ಹುಡುಗ ಅಲ್ಲ ಅಂದರು. ಡಿಎನ್‌ಎ ಮಾಡಿದ ಮೊದಲ ಕೆಲಸವೇ ನಿರಪರಾಧಿಯನ್ನು ಬಿಡಿಸಿದ್ದು. ಆಮೇಲೆ ಸುತ್ತಲಿನ ಊರುಗಳ ಸಾವಿರಾರು ಗಂಡಸರ ಮಾದರಿ ತೆಗೆದರು, ಯಾರೂ ಹೊಂದಲಿಲ್ಲ. ಕೊನೆಗೆ ‘ಅವನ ಬದಲು ನಾನು ರಕ್ತ ಕೊಟ್ಟೆ’ ಅಂತ ಒಬ್ಬ ಪಬ್‌ನಲ್ಲಿ ಬಾಯಿಬಿಟ್ಟ. ಕೇಳಿಸಿಕೊಂಡವರು ಪೊಲೀಸರಿಗೆ ಹೇಳಿದರು. ಹಾಗೆ ಸಿಕ್ಕವನೇ ಕಾಲಿನ್ ಪಿಚ್‌ಫೋರ್ಕ್, 1988ರಲ್ಲಿ ಅವನಿಗೆ ಶಿಕ್ಷೆಯಾಯಿತು.

ನಿಮ್ಮೂರಿನ ಆ ಇಬ್ಬರು 30 ವರ್ಷದಿಂದ ಅನುಮಾನ ಹೊತ್ತು ಬದುಕಿದ್ದಾರೆ. ಅವರಲ್ಲಿ ಒಬ್ಬರು ಮಾಡಿರಬಹುದು, ಇಬ್ಬರೂ ಮಾಡಿರದೆಯೂ ಇರಬಹುದು. ಫಲಿತಾಂಶ ಯಾವ ಕಡೆ ಬಂದರೂ ಒಪ್ಪಿಕೊಳ್ಳುತ್ತೇವೆ ಅಂತ ನೀವು, ನಿಮ್ಮಪ್ಪ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಲ್ಲಿಯವರೆಗೆ ಊರಲ್ಲಿ ಅವರ ಹೆಸರು ಎತ್ತಬೇಡಿ.

ಮಂಪರು ಪರೀಕ್ಷೆ ಬಿಟ್ಟುಬಿಡಿ. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಸ್ಥಿತಿಯಲ್ಲಿ ಆಡಿದ ಮಾತು ಸಾಕ್ಷ್ಯ ಆಗಲ್ಲ.

ಸಮಾಧಿ ವಿಷಯ. ಹೂತ ದೇಹವನ್ನು ಮತ್ತೆ ತೆಗೆಯೋಕೆ ನಮ್ಮ ದೇಶದಲ್ಲಿ ಇಂತಿಷ್ಟೇ ವರ್ಷ ಅಂತ ಮಿತಿ ಇಲ್ಲ. ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಸಮ್ಮುಖದಲ್ಲಿ ತೆಗೆಯುತ್ತಾರೆ. ಮೂಳೆಯ ಮೇಲೆ ಬಿದ್ದ ಏಟಿನ ಗುರುತು ಬಹಳ ವರ್ಷ ಉಳಿಯುತ್ತದೆ. ಡಿಎನ್‌ಎ ಬೇಕಾದರೆ ಹಲ್ಲು, ತೊಡೆಮೂಳೆ ಒಳ್ಳೆಯವು. ಆದರೆ ನಿಮಗೆ ಇದರ ಅಗತ್ಯ ನನಗೆ ಕಾಣಲ್ಲ. ಸತ್ತವರು ಯಾರು ಅನ್ನೋದು ಗೊತ್ತಿದೆ, ಹೇಗೆ ಸತ್ತರು ಅನ್ನೋದೂ ಗೊತ್ತಿದೆ. ಮೂಳೆ ಬೇಕಾಗೋದು ಇವೇ ಗೊತ್ತಿಲ್ಲದಾಗ. 2023ರ ಡಿಸೆಂಬರ್‌ನಲ್ಲಿ ಚಿತ್ರದುರ್ಗದ ಬಾಗಿಲು ಮುಚ್ಚಿದ ಮನೆಯಲ್ಲಿ ಐದು ಅಸ್ಥಿಪಂಜರ ಸಿಕ್ಕವಲ್ಲ, ಅಲ್ಲಿ ಇವರು ಯಾರು ಅನ್ನೋದೇ ಮೊದಲ ಪ್ರಶ್ನೆ ಆಗಿತ್ತು. ನಿಮ್ಮ ಅಜ್ಜಿ ಬದುಕಿರುವಾಗ ಮಗನ ಸಮಾಧಿ ಅಗೆಯೋದು ಬೇಡ. ಕಡತ ಪೂರ್ತಿ ನೋಡಿದ ಮೇಲೂ ಬೇಕೇಬೇಕು ಅನಿಸಿದರೆ ಆಗ ಯೋಚಿಸಬಹುದು.

ಬೆಂಗಳೂರಿನ ಶಾಕಿರೇ ಖಲೀಲಿ ಪ್ರಕರಣ ನಿಮಗೆ ನೆನಪಿರಬಹುದು. 1991ರಲ್ಲಿ ಕಾಣೆಯಾದವರು. 1994ರಲ್ಲಿ ಅವರ ಮನೆ ಅಂಗಳದಲ್ಲೇ ಅಗೆದಾಗ ಅಸ್ಥಿಪಂಜರ ಸಿಕ್ಕಿತು. ಜಾಗ ತೋರಿಸಿದ್ದು ಆರೋಪಿಯೇ. ತಲೆಬುರುಡೆಯನ್ನು ಫೋಟೋ ಜೊತೆ ಜೋಡಿಸಿ ನೋಡಿದರು, ಡಿಎನ್‌ಎ ನೋಡಿದರು, ಅವರೇ ಅಂತ ಖಾತ್ರಿಯಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಗೆ ಸಾಯುವವರೆಗೂ ಜೈಲು ಅಂದಿತು. ನಿಮ್ಮ ಚಿಕ್ಕಪ್ಪ ತೀರಿಕೊಂಡ ಅದೇ 1994ರಲ್ಲಿ ನಮ್ಮದೇ ರಾಜ್ಯದಲ್ಲಿ ಇಷ್ಟು ಸಾಧ್ಯವಾಗಿತ್ತು. ಅಲ್ಲೂ ಮೊದಲು ಬೇಕಾದದ್ದು ಬಾಯಿಬಿಟ್ಟ ಒಬ್ಬ ಮನುಷ್ಯ. 30 ವರ್ಷದಲ್ಲಿ ಹಳ್ಳಿಯಲ್ಲಿ ಬಹಳ ಬದಲಾಗಿರುತ್ತದೆ. ಆಗ ಹೆದರಿ ಸುಮ್ಮನಿದ್ದವರು ಈಗ ಹೆದರದೆ ಇರಬಹುದು. ಪಕ್ಕದ ಕಣದಲ್ಲಿ ಮಲಗಿದ್ದವರು ಯಾರು, ಮರುದಿನ ಕೈಗೆ ಬಟ್ಟೆ ಸುತ್ತಿಕೊಂಡು ಓಡಾಡಿದವರು ಯಾರು, ಊರು ಬಿಟ್ಟು ಹೋದವರು ಯಾರು? ನೀವೇ ವಿಚಾರಣೆ ಮಾಡೋಕೆ ಹೋಗಬೇಡಿ. ಅಪ್ಪನಿಗೆ, ಅಜ್ಜಿಗೆ ನೆನಪಿರೋದನ್ನು ಬರೆದಿಡಿ ಸಾಕು.

ಬೆರಳಚ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಗ ಸ್ಥಳಕ್ಕೆ ಬೆರಳಚ್ಚು ತಜ್ಞರು ಬಂದಿದ್ದರಾ? ಕಣದಲ್ಲಿ ಲಾಟೀನಿನ ಗಾಜು, ಟಾರ್ಚು, ಸ್ಟೀಲ್ ಚೊಂಬು ಇಂಥದ್ದರ ಮೇಲೆ ಗುರುತು ಸಿಕ್ಕಿ ಫೋಟೋ ತೆಗೆದಿದ್ದರೆ ಅದು ಬಂಗಾರ. ಆಗ ಕಾರ್ಡು ಕಾರ್ಡು ಕೈಯಲ್ಲಿ ಹೋಲಿಸುತ್ತಿದ್ದರು. ಈಗ ನಾಫಿಸ್ ಅಂತ ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆ ಇದೆ, 2022ರಲ್ಲಿ ಬಂದದ್ದು. ಆ ಮನುಷ್ಯ ಆಮೇಲೆ ಯಾವುದೋ ಊರಲ್ಲಿ ಬೇರೆ ಪ್ರಕರಣದಲ್ಲಿ ಸಿಕ್ಕಿ ಬೆರಳು ಒತ್ತಿದ್ದರೂ ಹೊಂದಿಸಿ ನೋಡಬಹುದು.

ಕಂಬಳಿ ಸಿಕ್ಕಿದರೆ ಒಂದು ವಿಷಯದಲ್ಲಿ ಹಟ ಹಿಡಿಯಿರಿ. ನೀವು ಮುಟ್ಟಬೇಡಿ, ಬಿಚ್ಚಿ ತೋರಿಸಿ ಅನ್ನಬೇಡಿ. ಗಂಟು ಕೋರ್ಟಿನಿಂದ ಪ್ರಯೋಗಾಲಯಕ್ಕೆ ಹೋಗುವ ಪ್ರತಿ ಹೆಜ್ಜೆಗೂ ಸಹಿ, ದಿನಾಂಕ, ಮುದ್ರೆ ಇರಬೇಕು. ಯುವತಿಯೊಬ್ಬಳ ಅತ್ಯಾಚಾರ, ಕೊಲೆ ನಡೆದ ದೆಹಲಿಯ ಛಾವ್ಲಾ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಮೂವರು ಆರೋಪಿಗಳನ್ನೂ ಬಿಟ್ಟಿತು. ಡಿಎನ್‌ಎ ವರದಿ ಇತ್ತು. ಆದರೆ ಮಾದರಿಗಳು ಠಾಣೆಯಲ್ಲೇ ಹತ್ತು ದಿನಕ್ಕೂ ಹೆಚ್ಚು ಕಾಲ ಇದ್ದವು, ಕೈವಾಡದ ಅನುಮಾನ ತಳ್ಳಿಹಾಕೋಕೆ ಆಗಲ್ಲ ಅಂದರು. 2025ರ ಜುಲೈನಲ್ಲಿ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ ಇಡೀ ದೇಶಕ್ಕೆ ನಿಯಮ ಹಾಕಿದೆ: ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ರಿಜಿಸ್ಟರ್ ಇರಬೇಕು. ನಿಮ್ಮ ಮುದ್ದೆಮಾಲು 30 ವರ್ಷ ಎಲ್ಲಿತ್ತು ಅಂತ ಆರೋಪಿ ಪರ ವಕೀಲರು ಕೇಳೇ ಕೇಳುತ್ತಾರೆ. ಉತ್ತರ ಆ ಹಳೇ ಪಿಎಫ್‌ನಲ್ಲಿ, ರಿಜಿಸ್ಟರಿನಲ್ಲಿ ಇರಬೇಕು.

ಕೊನೆಗೆ ಅಜ್ಜಿ. ಕಂಬಳಿಯ ದೊಡ್ಡ ಕಲೆ ನಿಮ್ಮ ಚಿಕ್ಕಪ್ಪನದ್ದೇ ಅಂತ ಖಾತ್ರಿ ಮಾಡಿಕೊಂಡರೆ ಮಾತ್ರ ಉಳಿದದ್ದರಲ್ಲಿ ಹೊರಗಿನವರದ್ದು ಯಾವುದು ಅಂತ ಬೇರೆ ಮಾಡೋಕೆ ಆಗುತ್ತದೆ. ಅದಕ್ಕೆ ಹೆತ್ತ ತಾಯಿಯ ಮಾದರಿಯಷ್ಟು ಒಳ್ಳೆಯದು ಬೇರೆ ಇಲ್ಲ. ರಕ್ತ ಬೇಡ, ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿದರೆ ಸಾಕು, ನೋವಾಗಲ್ಲ. ಆದರೆ ಮನೆಯಲ್ಲಿ ತೆಗೆದಿಟ್ಟದ್ದು ಕೋರ್ಟಿನಲ್ಲಿ ನಿಲ್ಲಲ್ಲ, ತನಿಖಾಧಿಕಾರಿಯ ಮೂಲಕವೇ ತೆಗೆಸಬೇಕು. ಅವರಿಗೆ 86 ಅಂದಿರಿ. ಹಾಗಾಗಿ ಎಸ್‌ಪಿಯವರಿಗೆ ಮುಂದುವರಿದ ತನಿಖೆ ಕೋರಿ ಕೊಡುವ ಅರ್ಜಿಯಲ್ಲಿ ಮೊದಲ ಸಾಲಿನಲ್ಲೇ ಇದನ್ನು ಬರೆಯಿರಿ: ಮೃತರ ತಾಯಿ ಬದುಕಿದ್ದಾರೆ, ಮಾದರಿ ಮತ್ತು ಹೇಳಿಕೆ ಕೊಡಲು ಸಿದ್ಧರಿದ್ದಾರೆ, ವಯಸ್ಸು ಇಷ್ಟು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ. ಅಲ್ಲಿ ಏನೂ ಆಗದಿದ್ದರೆ ದಾವಣಗೆರೆಯಲ್ಲೇ ಪೂರ್ವ ವಲಯದ ಐಜಿಪಿ ಕಚೇರಿ ಇದೆ, ಅದನ್ನೂ ದಾಟಿ ಹೈಕೋರ್ಟ್ ಇದೆ.

ಎಫ್‌ಎಸ್‌ಎಲ್ ವರದಿಯ ನಕಲು ಸಿಕ್ಕ ದಿನ ನನಗೆ ಒಂದು ಪ್ರತಿ ಕಳಿಸಿ. ಯಾವ ಕಲೆ ಮುಟ್ಟದೆ ಉಳಿದಿದೆ, ಯಾವುದನ್ನು ಮೊದಲು ನೋಡಿ ಅಂತ ಕೇಳಬೇಕು ಅನ್ನೋದನ್ನು ಓದಿ ಹೇಳುತ್ತೇನೆ.